ಸೂಜಿ ಚುಚ್ಚಿಸಿಕೊಂಡರೆ ಪಾಪವೇ?

ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಸತತ ಆರು ಆದಿತ್ಯವಾರ ಪೂಜೆಗೆ ಬಂದರೂ ಪರಮಪ್ರಸಾದಕ್ಕೆ ಎದ್ದು ಬರಲಿಲ್ಲ. ಎಡಬದಿಯ ಮೂರನೆಯ ಬೆಂಚಿನ ಅಂಚಿನಲ್ಲಿ ಕುಳಿತು, ಉಳಿದವರಿಗೆ ದಾರಿ ಬಿಡಲು ಮೊಣಕಾಲನ್ನು ಓರೆ ಮಾಡಿಕೊಳ್ಳುತ್ತಿದ್ದರು. ಮೊದಲ ವಾರ ಕಾಲುನೋವು ಇರಬಹುದೆಂದುಕೊಂಡೆ. ಪೀಠದ ಬಳಿ ನಿಂತ ಗುರುವಿಗೆ ಬಹಳ ಸಂಗತಿಗಳು ಕಾಣಿಸುತ್ತವೆ. ಎಲ್ಲವನ್ನೂ ಕೇಳುವ ಧೈರ್ಯ ಇರುವುದಿಲ್ಲ. ಏಳನೆಯ ವಾರ, ಜನರೆಲ್ಲ ಹೊರಗೆ ಹೋದ ಮೇಲೆ ಸಂತ ಅಂತೋನಿಯವರ ಪ್ರತಿಮೆಯ ಮುಂದೆ ಅವರೊಬ್ಬರೇ ಉಳಿದಿದ್ದಾಗ ಹತ್ತಿರ ಹೋಗಿ ವಿಚಾರಿಸಿದೆ.

"ನಾನು ಸೂಜಿ ಹಾಕಿಸಿಕೊಳ್ಳುತ್ತಿದ್ದೇನಲ್ಲ ಫಾದರ್" ಎಂದರು. ನಲವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು ಅವರು. ಮೊರ ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕುಳಿತ ಕಾಲಿಗೂ ಸೊಂಟಕ್ಕೂ ಈಗ ಸರಿಯಾದ ನಿದ್ದೆಯಿಲ್ಲ. ಮಗ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅಕ್ಯುಪಂಕ್ಚರ್ ಮಾಡಿಸಿದ್ದಾನೆ. ನಾಲ್ಕು ಸಲ ಆಗುವಷ್ಟರಲ್ಲಿ ರಾತ್ರಿ ನಿದ್ದೆ ಬರತೊಡಗಿದೆ. ಅಷ್ಟರಲ್ಲಿ ಎಲ್ಲಿಯೋ ನಡೆದ ಒಂದು ಧ್ಯಾನಕೂಟದಲ್ಲಿ ಬೋಧಕರೊಬ್ಬರು, ಚೀನಾದ ಸೂಜಿ, ರೇಕಿ ಇವೆಲ್ಲ ಸೈತಾನನಿಗೆ ತೆರೆದಿಟ್ಟ ಕಿಟಕಿಗಳು ಎಂದರಂತೆ. "ಸೂಜಿ ಬಿಡಲಿಕ್ಕೆ ನೋವು ಬಿಡುವುದಿಲ್ಲ. ಅದಕ್ಕೆ ಪರಮಪ್ರಸಾದ ಬಿಟ್ಟೆ" ಎಂದು ಅವರು ಹೇಳಿದಾಗ ನನಗೆ ತಕ್ಷಣ ಮಾತು ಹೊರಡಲಿಲ್ಲ. (ಇದು ಪಾಪನಿವೇದನೆಯ ಮಾತಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಪ್ರಿಯ ಓದುಗರೇ, ಇದು ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲ. ನಮ್ಮ ವಾಮದಪದವು ಇರುವ ಜಾಗ ನೋಡಿ. ಬೆಳ್ತಂಗಡಿ ಕಡೆಗೆ ಹೋದರೆ ಉಜಿರೆ. ಅಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಿಂದ ಇದೆ. ಇತ್ತ ಮೂಡುಬಿದಿರೆಯಲ್ಲಿ ಆಳ್ವಾಸ್‌ನವರ ಪ್ರಕೃತಿ ಚಿಕಿತ್ಸಾ ಕಾಲೇಜು. ಈ ಪದವಿಯ ಪಠ್ಯಕ್ರಮದಲ್ಲಿ ಅಕ್ಯುಪಂಕ್ಚರ್ ಕೂಡ ಒಂದು ವಿಷಯ. ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಅಲ್ಲಿ ಓದುತ್ತಾರೆ. ಪೇಟೆಗೆ ಹೋದರೆ ಬೆರಳಿನ ತುದಿಗೆ ಮೆಂತೆ ಕಾಳು ಅಂಟಿಸುವ ಕೊರಿಯಾದ ಸುಜೋಕ್ ಶಿಬಿರ, ಉಚಿತವಾಗಿ ಮಲಗಿಸಿ ಕೊನೆಗೆ ಮಾರಾಟ ಮಾಡುವ ಬಿಸಿ ಮಂಚ, ಜಪಾನಿನ ರೇಕಿ, ಫಿಲಿಪೈನ್ಸಿನಿಂದ ಬಂದ ಪ್ರಾಣಿಕ್ ಹೀಲಿಂಗ್, ಎಲ್ಲವೂ ಇವೆ. ಹೋಗಬಹುದೇ, ಹೋಗಬಾರದೇ ಎಂಬ ಪ್ರಶ್ನೆ ಮನೆಮನೆಯಲ್ಲಿದೆ. ಕೆಲವರು ಗುಟ್ಟಾಗಿ ಹೋಗುತ್ತಾರೆ. ಗುಟ್ಟು ಯಾವಾಗಲೂ ಒಳ್ಳೆಯದಕ್ಕಲ್ಲ.

ಸಾಮಾನ್ಯವಾಗಿ ನಾವು ಈ ಪ್ರಶ್ನೆಯನ್ನು ಹತ್ತು ಆಜ್ಞೆಗಳಲ್ಲಿ ಮೊದಲನೆಯದರ ಕೆಳಗೆ ಇಡುತ್ತೇವೆ: ಒಬ್ಬನೇ ದೇವರನ್ನು ಆರಾಧಿಸು, ಬೇರೆ ಶಕ್ತಿಗಳ ಮೊರೆ ಹೋಗಬೇಡ. ಹಾಗೆ ಇಡುವುದು ತಪ್ಪಲ್ಲ. ಅಲ್ಲಿಂದಲೇ ಆರಂಭಿಸೋಣ.

ಸೂಜಿ ಚಿಕಿತ್ಸೆಯ ಹಿಂದಿರುವ ವಿಚಾರ ಸುಮಾರು ಎರಡು ಸಾವಿರ ವರ್ಷ ಹಳೆಯದು. 'ಹುವಾಂಗ್ದಿ ನೈಜಿಂಗ್' ಎಂಬ ಚೀನೀ ವೈದ್ಯಗ್ರಂಥ ಅದಕ್ಕೆ ಮೂಲ. ದೇಹದಲ್ಲಿ 'ಚೀ' ಎಂಬ ಜೀವಶಕ್ತಿ ಹನ್ನೆರಡು ಮುಖ್ಯ ದಾರಿಗಳಲ್ಲಿ ಹರಿಯುತ್ತದೆ. ಹರಿವು ಕಟ್ಟಿಕೊಂಡರೆ ರೋಗ, ಬಿಡಿಸಿದರೆ ಆರೋಗ್ಯ. ಆ ದಾರಿಗಳ ಮೇಲೆ 361 ಬಿಂದುಗಳನ್ನು ಗುರುತಿಸಿದ್ದಾರೆ. ಕೆಲವು ಕಡೆ ಸೂಜಿ, ಕೆಲವು ಕಡೆ ಮಾಚಿಪತ್ರೆಯ ಜಾತಿಯ ಒಣಗಿದ ಎಲೆಯ ಉಂಡೆಯನ್ನು ಚರ್ಮದ ಹತ್ತಿರ ಉರಿಸಿ ಶಾಖ ಕೊಡುವುದು. ನಮ್ಮೂರಿನ ಹಿರಿಯರಿಗೆ ಇದನ್ನು ಹೇಳಿದರೆ, ಕಾಮಾಲೆಗೆ ಬರೆ ಹಾಕುತ್ತಿದ್ದುದು ನೆನಪಾಗುತ್ತದೆ. (ಚೀನಾದ ಶಾಖ ಅಷ್ಟು ಕ್ರೂರವಲ್ಲ. ನಮ್ಮ ಬರೆ ಎಷ್ಟೋ ಎಳೆಯ ಮಕ್ಕಳ ಹೊಟ್ಟೆಯ ಮೇಲೆ ಕಲೆ ಉಳಿಸಿದೆ.) ಇಲ್ಲೊಂದು ಸೋಜಿಗವಿದೆ. ಆ ಹಳೆಯ ಚೀನೀ ಗ್ರಂಥವೇ, ಭೂತಪ್ರೇತಗಳಿಗೆ ಅಂಟಿಕೊಂಡವರೊಡನೆ ವೈದ್ಯದ ಮಾತಾಡಿ ಪ್ರಯೋಜನವಿಲ್ಲ ಎಂಬ ಅರ್ಥದ ಮಾತನ್ನು ಹೇಳುತ್ತದೆ. ರೋಗಕ್ಕೆ ಪ್ರೇತವಲ್ಲ, ಗಾಳಿ, ಶೀತ, ಆಹಾರ, ಕೋಪ, ದುಃಖ ಕಾರಣವೆಂದು ಹೇಳಲು ಹೊರಟವರು ಅವರು. ಅವರ ಶರೀರಶಾಸ್ತ್ರ ತಪ್ಪಿರಬಹುದು. ಆದರೆ ಅದು ಸೈತಾನನ ಕಿಟಕಿಯಲ್ಲ, ಹಳೆಯ ಕಾಲದ ಶರೀರಶಾಸ್ತ್ರ.

ಯೂರೋಪಿಗೆ ಈ ವಿದ್ಯೆಯ ಸುದ್ದಿ ತಂದವರಲ್ಲಿ ನಮ್ಮ ಯೇಸುಸಭೆಯ ಗುರುಗಳೂ ಇದ್ದರು. ಪೋಲೆಂಡಿನ ಫಾದರ್ ಮೈಕಲ್ ಬೋಯ್ಮ್ ಚೀನಾದಲ್ಲಿ ದುಡಿದು 1659ರಲ್ಲಿ ತೀರಿಕೊಂಡರು. ಚೀನೀಯರ ನಾಡಿ ಪರೀಕ್ಷೆಯ ಬಗ್ಗೆ ಅವರು ಬರೆದಿಟ್ಟದ್ದು 1682ರಲ್ಲಿ ಜರ್ಮನಿಯಲ್ಲಿ ಅಚ್ಚಾಯಿತು, ಅದೂ ಬೇರೆಯವರ ಹೆಸರಿನಲ್ಲಿ! ಮರುವರ್ಷ, 1683ರಲ್ಲಿ, ಜಪಾನಿನಲ್ಲಿ ಕೆಲಸ ಮಾಡಿದ್ದ ಡಚ್ ವೈದ್ಯ ವಿಲೆಮ್ ಟೆನ್ ರೈನ್ ಬರೆದ ಪುಸ್ತಕದಿಂದ 'ಅಕ್ಯುಪಂಕ್ಚರ್' ಎಂಬ ಲತೀನ್ ಮೂಲದ ಹೆಸರು ಬಂತು. ಆ ಗುರುಗಳು ಬುದ್ಧ ದೇವಾಲಯದಲ್ಲಿ ಧೂಪ ಹಾಕಲಿಲ್ಲ. ಆದರೆ ನಾಡಿ ಹಿಡಿಯುವವರ ಪಕ್ಕ ಕುಳಿತು ಕಲಿತರು. ಎರಡು ಬೇರೆ ಬೇರೆ ಎಂದು ಅವರಿಗೆ ತಿಳಿದಿತ್ತು.

ಸೆಮಿನರಿಯಲ್ಲಿ ನಮಗೆ ಸಂತ ತೋಮಸ್ ಅಕ್ವಿನಾಸರ ಗ್ರಂಥ ಓದಿಸುತ್ತಿದ್ದಾಗ, ಇಷ್ಟು ಹಳೆಯ ಪುಸ್ತಕ ಬಂಟ್ವಾಳ ತಾಲೂಕಿನಲ್ಲಿ ಯಾವ ಉಪಯೋಗಕ್ಕೆ ಬಂದೀತು ಎಂದು ಅನ್ನಿಸಿದ್ದುಂಟು. ಆದರೆ ಅವರ ಮಹಾಗ್ರಂಥ 'ಸುಮ್ಮಾ'ದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, 96ನೆಯ ಪ್ರಶ್ನೆಯಲ್ಲಿ, ನೇರವಾಗಿ ನಮ್ಮ ವಿಷಯವೇ ಇದೆ. ಆರೋಗ್ಯಕ್ಕಾಗಿ ಮಾಡುವ ಆಚರಣೆಗಳು ಮೂಢನಂಬಿಕೆಯೇ? ಅವರ ಉತ್ತರದ ಸಾರ ಇಷ್ಟು: ಒಂದು ವಸ್ತುವಿಗೆ ನಿಸರ್ಗಸಹಜವಾಗಿ ಅಂಥ ಪರಿಣಾಮ ಮಾಡುವ ಶಕ್ತಿ ಇದೆಯೆಂದು ತೋರುವುದಾದರೆ ಅದನ್ನು ಬಳಸುವುದು ಮೂಢನಂಬಿಕೆಯಲ್ಲ, ನಿಷಿದ್ಧವೂ ಅಲ್ಲ. ಅಂಥ ಸಹಜ ಶಕ್ತಿಯೇ ಇಲ್ಲದ ಅಕ್ಷರ, ಚಿಹ್ನೆ, ಮಂತ್ರಗಳನ್ನು ಸಂಕೇತವಾಗಿ ಇಟ್ಟು ಯಾವುದೋ ಶಕ್ತಿಯನ್ನು ಕೆಲಸಕ್ಕೆ ಕರೆಯುವುದಾದರೆ ಅದು ಮೂಢನಂಬಿಕೆ. ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥವೂ (1992) 2117ನೆಯ ಸಂಖ್ಯೆಯಲ್ಲಿ ಸಾಂಪ್ರದಾಯಿಕ ಚಿಕಿತ್ಸೆಗಳನ್ನು ಹೆಸರಿಸುತ್ತದೆ. ಅಲ್ಲಿ ಅದು ಚಿಕಿತ್ಸೆಯನ್ನು ಖಂಡಿಸುವುದಿಲ್ಲ. ಅದರ ನೆಪದಲ್ಲಿ ದುಷ್ಟಶಕ್ತಿಗಳನ್ನು ಕರೆಯುವುದನ್ನೂ, ಇನ್ನೊಬ್ಬರ ಮುಗ್ಧ ನಂಬಿಕೆಯನ್ನು ದುರುಪಯೋಗ ಮಾಡುವುದನ್ನೂ ಖಂಡಿಸುತ್ತದೆ. ಈ ಎರಡನೆಯ ಮಾತನ್ನು ನಾವು ಗಮನಿಸುವುದು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಅಳತೆಗೋಲಿನಿಂದ ನೋಡಿದರೆ ಎಲ್ಲವನ್ನೂ ಒಂದೇ ಗೋಣಿಗೆ ತುಂಬಲಾಗದು. ನಾನು ಹೀಗೆ ಕೇಳಿಕೊಳ್ಳುತ್ತೇನೆ: ಇದರ ಸುತ್ತ ಹೇಳುವ ಕಥೆಯನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ? ಅಕ್ಯುಪಂಕ್ಚರಿನಿಂದ 'ಚೀ'ಯ ಕಥೆ ತೆಗೆದರೆ ಚರ್ಮದಲ್ಲಿ, ಸ್ನಾಯುವಿನಲ್ಲಿ ಸೂಜಿ ಉಳಿಯುತ್ತದೆ. ಅದನ್ನು ಪರೀಕ್ಷಿಸಬಹುದು. ಆಕ್ಯುಪ್ರೆಶರಿನಿಂದ ತೆಗೆದರೆ ಒತ್ತುವ ಹೆಬ್ಬೆರಳು ಉಳಿಯುತ್ತದೆ. ರೇಕಿಯಿಂದ ತೆಗೆದರೆ? 1922ರಲ್ಲಿ ಜಪಾನಿನ ಮಿಕಾವೊ ಉಸುಯಿ ಆರಂಭಿಸಿದ ಈ ಪದ್ಧತಿಯಲ್ಲಿ ದೀಕ್ಷೆಯಿದೆ, ಗುಟ್ಟಿನ ಚಿಹ್ನೆಗಳಿವೆ, ವಿಶ್ವಶಕ್ತಿಯನ್ನು ಅಂಗೈಯಿಂದ ಹರಿಸುತ್ತೇನೆಂಬ ಹಕ್ಕಿನ ಮಾತಿದೆ. ಇವನ್ನು ತೆಗೆದರೆ ಉಳಿಯುವುದು ಒಬ್ಬರು ಪ್ರೀತಿಯಿಂದ ಇಟ್ಟ ಕೈ ಮಾತ್ರ. ಅದಕ್ಕೆ ದೀಕ್ಷೆಯೂ ಬೇಡ, ಶುಲ್ಕವೂ ಬೇಡ. ಅಮೆರಿಕದ ಕಥೋಲಿಕ ಬಿಷಪರು 2009ರ ಮಾರ್ಚಿನಲ್ಲಿ ರೇಕಿಗೆ ವಿಜ್ಞಾನದ ಆಧಾರವೂ ಇಲ್ಲ, ಕ್ರೈಸ್ತ ವಿಶ್ವಾಸದ ಆಧಾರವೂ ಇಲ್ಲ, ಕಥೋಲಿಕ ಸಂಸ್ಥೆಗಳಲ್ಲಿ ಅದು ಸಲ್ಲದು ಎಂದು ಮಾರ್ಗಸೂಚಿ ಹೊರಡಿಸಿದ್ದು ಈ ಕಾರಣಕ್ಕೇ. ಮುಟ್ಟದೆಯೇ ಗುಣಪಡಿಸುವ ಪ್ರಾಣಿಕ್ ಹೀಲಿಂಗಿನ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

"ಅದು ಮಂಜುನಾಥ ಸ್ವಾಮಿಯ ಹೆಸರಿನ ಆಸ್ಪತ್ರೆಯಲ್ಲವೇ, ಅಲ್ಲಿ ಹೋಗಬಹುದೇ?" ಎಂದು ಒಬ್ಬ ಯುವಕ ಕೇಳಿದ. ನಾನು ಅವನಿಗೆ ಕಂಕನಾಡಿಯನ್ನು ನೆನಪಿಸಿದೆ. ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ, ಸಿಸ್ಟರುಗಳ ಕೈಯಲ್ಲಿ, ಈ ಜಿಲ್ಲೆಯ ಎಷ್ಟು ಸಾವಿರ ಹಿಂದೂ, ಮುಸ್ಲಿಂ, ಜೈನ ಮಕ್ಕಳು ಹುಟ್ಟಿಲ್ಲ? ಅವರ ತಾಯಂದಿರು ಗೋಡೆಯ ಶಿಲುಬೆ ಕಂಡು ಓಡಿಹೋಗಲಿಲ್ಲ. ನಮಗೆ ಆ ಔದಾರ್ಯ ಬೇಡವೇ?

ಫಾದರ್ ಮುಲ್ಲರರ ಹೆಸರು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಜರ್ಮನಿಯಿಂದ ಬಂದ ಆ ಯೇಸುಸಭೆಯ ಗುರು 1880ರಲ್ಲಿ ಮಂಗಳೂರಿನ ಬಡವರಿಗೆ ಹಂಚಲು ಆರಂಭಿಸಿದ್ದು ಹೋಮಿಯೋಪತಿ ಔಷಧ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1910ರಲ್ಲಿ ತೀರಿಕೊಳ್ಳುವ ತನಕ ಅವರ ಹತ್ತಿರ ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ಈಗ ಆ ಹೋಮಿಯೋಪತಿಯ ಮೂಲ ಸಿದ್ಧಾಂತವನ್ನು ನೋಡಿ: ದೇಹದಲ್ಲಿ ಕಣ್ಣಿಗೆ ಕಾಣದ ಜೀವಶಕ್ತಿಯೊಂದಿದೆ, ಅದರ ಲಯ ಕೆಟ್ಟರೆ ರೋಗ, ಲಯ ಸರಿಪಡಿಸುವುದೇ ಚಿಕಿತ್ಸೆ. ಚೀನೀಯರ 'ಚೀ'ಗೂ ಇದಕ್ಕೂ ಎಷ್ಟು ದೂರ? ಆದರೂ ನಮ್ಮ ಅಜ್ಜಂದಿರು ಯಾರೂ ಬಿಳಿ ಗುಳಿಗೆ ನುಂಗಿ ಪಾಪನಿವೇದನೆಗೆ ಓಡಲಿಲ್ಲ. ಏಕೆಂದರೆ ಅದನ್ನು ಕೊಟ್ಟದ್ದು ನಿಲುವಂಗಿ ತೊಟ್ಟ ಕೈ. ನಮ್ಮ ಹೆದರಿಕೆ ಧರ್ಮಶಾಸ್ತ್ರವನ್ನು ನೋಡಿ ಹುಟ್ಟುವುದಿಲ್ಲ, ಬಹಳ ಸಲ ಪರಿಚಯ ಅಪರಿಚಯವನ್ನು ನೋಡಿ ಹುಟ್ಟುತ್ತದೆ. ಸತ್ಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪತಿ ಯಾವ ಕಾಯಿಲೆಯನ್ನಾದರೂ ಗುಣಪಡಿಸುತ್ತದೆಂಬುದಕ್ಕೆ ನಂಬಲರ್ಹ ಪುರಾವೆ ಇಲ್ಲವೆಂದಿತು. ಇದರಿಂದ ಫಾದರ್ ಮುಲ್ಲರ್ ನನ್ನ ಕಣ್ಣಿನಲ್ಲಿ ಸಣ್ಣವರಾಗುವುದಿಲ್ಲ. ಯಾರೂ ಮುಟ್ಟದ ಕುಷ್ಠರೋಗಿಯನ್ನು ಅವರು ಹತ್ತಿರ ಕರೆದರು. ಅವರು ಕಟ್ಟಿದ ಜಾಗದಲ್ಲಿ ಈಗ ಹೋಮಿಯೋಪತಿ ಕಾಲೇಜಿನ ಜೊತೆಗೆ ಎಲ್ಲ ವಿಭಾಗಗಳ ಆಧುನಿಕ ವೈದ್ಯಕೀಯ ಕಾಲೇಜೂ ಇದೆ.

ಹಾಗಾದರೆ ಸೂಜಿಯಿಂದ ನಿಜವಾಗಿ ಗುಣವಾಗುತ್ತದೆಯೇ? ಇಲ್ಲಿ ವಿಷಯ ಸ್ವಲ್ಪ ಕಠಿಣ, ತಾಳ್ಮೆಯಿಂದ ಓದಿ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನೀ ಶಾಸ್ತ್ರದಂತೆ ಸರಿಯಾದ ಬಿಂದುಗಳಲ್ಲಿ ಸೂಜಿ. ಇನ್ನೊಂದು ಗುಂಪಿಗೆ ಬಿಂದುಗಳಲ್ಲದ ಕಡೆ, ಮೇಲುಮೇಲೆ ಸೂಜಿ. ರೋಗಿಗೆ ವ್ಯತ್ಯಾಸ ತಿಳಿಸಲಿಲ್ಲ. ಮೂರನೆಯ ಗುಂಪಿಗೆ ಮಾತ್ರೆ, ವ್ಯಾಯಾಮ ಮುಂತಾದ ಎಂದಿನ ಚಿಕಿತ್ಸೆ. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4 ಮಂದಿಗೆ ಸಾಕಷ್ಟು ಗುಣ ಕಂಡಿತ್ತು. 2007ರಲ್ಲಿ ಇದು ಪ್ರಕಟವಾಯಿತು. ಅರ್ಥವೇನು? ಸೂಜಿ ಹಾಕಿಸಿಕೊಂಡವರಿಗೆ ಹೆಚ್ಚು ಉಪಶಮನವಾದದ್ದು ನಿಜ. ಆದರೆ ಬಿಂದು ಎಲ್ಲಿದೆ ಎಂಬುದು ಅಷ್ಟೇನೂ ಮುಖ್ಯವಾಗಿ ಕಾಣಲಿಲ್ಲ. ಅಂದರೆ 'ಚೀ' ಹರಿಯುವ ದಾರಿಯ ಕಥೆಗೆ ಪುಷ್ಟಿ ಸಿಗಲಿಲ್ಲ. ಚುಚ್ಚುವಿಕೆ ನರಗಳಲ್ಲಿ ಮಾಡುವ ಬದಲಾವಣೆ, ಅರ್ಧ ಗಂಟೆಯ ವಿಶ್ರಾಂತಿ, ಹೆಸರು ಹಿಡಿದು ಮಾತಾಡಿಸುವ ವೈದ್ಯ, ಗುಣವಾದೀತೆಂಬ ಭರವಸೆ, ಇವೆಲ್ಲ ಸೇರಿ ಕೆಲಸ ಮಾಡಿರಬೇಕು.

ಇದನ್ನು ಕೇಳಿ ಒಬ್ಬರು, "ಹಾಗಾದರೆ ಅದು ಬರೀ ಮನಸ್ಸಿನದು" ಎಂದು ನಕ್ಕರು. ನಾನು ನಗಲಾರೆ. ಭರವಸೆಯೂ ಸ್ಪರ್ಶವೂ ದೇವರು ಸೃಷ್ಟಿಸಿದ ಮನುಷ್ಯ ಸ್ವಭಾವದ ಭಾಗಗಳೇ. ಅವು ನೋವು ಇಳಿಸುವುದಾದರೆ, ಅಕ್ವಿನಾಸರ ಅಳತೆಯಲ್ಲಿ ಅವೂ ಸಹಜ ಕಾರಣಗಳೇ. ನಮ್ಮ ಆ ತಾಯಿಗೆ ನಿದ್ದೆ ಬಂದದ್ದು ಸುಳ್ಳಲ್ಲ, ಸೈತಾನನದ್ದೂ ಅಲ್ಲ. ಕೊಟ್ಟ ವಿವರಣೆ ತಪ್ಪಿದ್ದರೂ ಸಿಕ್ಕಿದ ಉಪಶಮನ ಕದ್ದ ಮಾಲಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಸುಲಭವಾಗುತ್ತಿತ್ತು. ಹಿಂದೊಮ್ಮೆ ನಾನು ಇಲ್ಲಿಗೇ ನಿಲ್ಲಿಸಿದ್ದೆ. ಅದನ್ನು ಹೇಳದೆ ಈ ವಿಷಯ ಬರೆಯುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ, ಐವತ್ತೈದು ದಾಟಿದ ಒಬ್ಬ ಗೃಹಸ್ಥರು ನನ್ನ ಹತ್ತಿರ ಬಂದರು. ಸ್ವಲ್ಪ ಅಡಿಕೆ ತೋಟ, ಎರಡು ಹಸು, ಪಾಲನಾ ಸಮಿತಿಯ ಸದಸ್ಯರು. ಬೆನ್ನುನೋವಿಗೆ ಸೂಜಿ ಚಿಕಿತ್ಸೆ ಮಾಡಿಸಬಹುದೇ, ಅದು ಅನ್ಯ ಧರ್ಮದ ಆಚರಣೆಯೇ ಎಂದು ಕೇಳಿದರು. ನನಗೆ ಆಗ ಓದಿದ ಉತ್ಸಾಹ. ಅಕ್ವಿನಾಸರನ್ನೂ ಎರಡನೆಯ ವ್ಯಾಟಿಕನ್ ಮಹಾಸಭೆಯನ್ನೂ ಉದ್ಧರಿಸಿ, ಏನೂ ತೊಂದರೆಯಿಲ್ಲ, ಧೈರ್ಯವಾಗಿ ಹೋಗಿ ಎಂದೆ. ಅವರು ಸಂತೋಷದಿಂದ ಹೋದರು. ನಾಲ್ಕು ತಿಂಗಳು ಹೋದರು. ನೋವು ಹೆಚ್ಚಾದಾಗ, ಕಟ್ಟಿಕೊಂಡದ್ದು ಬಿಡುವಾಗ ಮೊದಲು ಹೆಚ್ಚಾಗುತ್ತದೆ, ಅದು ಒಳ್ಳೆಯ ಲಕ್ಷಣ ಎಂದು ಅಲ್ಲಿ ಹೇಳಿದರಂತೆ. ರಾತ್ರಿ ಮಲಗಿದರೆ ನೋವು ಏರುತ್ತಿತ್ತು. ಅಂಗಿ ಸಡಿಲವಾಗಿತ್ತು. ಹಬ್ಬದ ದಿನ ಅವರನ್ನು ನೋಡಿ, "ಏನು, ತೆಳ್ಳಗಾಗಿದ್ದೀರಿ, ವ್ಯಾಯಾಮವೇ?" ಎಂದು ತಮಾಷೆ ಮಾಡಿದವನು ನಾನೇ. ಕೊನೆಗೆ ಕಾಲು ಮರಗಟ್ಟಿದಾಗ ಮಂಗಳೂರಿಗೆ ಕೊಂಡೊಯ್ದು ಸ್ಕ್ಯಾನ್ ಮಾಡಿಸಿದರು. ಬೇರೆಡೆ ಹುಟ್ಟಿದ ಕ್ಯಾನ್ಸರ್ ಬೆನ್ನೆಲುಬಿಗೆ ಹರಡಿತ್ತು.

ಬೇಗ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ವೈದ್ಯರನ್ನು ಕೇಳಿದೆ. ಹೇಳಲಾಗದು, ಆದರೆ ಕಾಲು ಉಳಿಯುತ್ತಿತ್ತೋ ಏನೋ, ನೋವನ್ನಂತೂ ಇಷ್ಟು ತಿನ್ನಬೇಕಿರಲಿಲ್ಲ ಎಂದರು. ನಾನೇ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಿದೆ. ಅವರ ಹಣೆಗೆ ಎಣ್ಣೆ ಹಚ್ಚುವಾಗ, ಅವರು ನನಗೆ ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ ಎಂಬುದು ನನ್ನನ್ನು ಚುಚ್ಚುತ್ತಿತ್ತು. ಉತ್ತರ ತಪ್ಪಾಗಿರಲಿಲ್ಲ. ನಾನು ಮರಳಿ ಒಂದು ಪ್ರಶ್ನೆ ಕೇಳಬೇಕಿತ್ತು: ಡಾಕ್ಟರಿಗೆ ತೋರಿಸಿದ್ದೀರಾ? ಅಷ್ಟೇ. ಮೊದಲನೆಯ ಆಜ್ಞೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಕೊಲ್ಲಬೇಡ ಎನ್ನುವ ಐದನೆಯ ಆಜ್ಞೆ ನೆನಪಾಗಲಿಲ್ಲ. ಜೀವವನ್ನೂ ಆರೋಗ್ಯವನ್ನೂ ಕಾಪಾಡಿಕೊಳ್ಳುವ ಹೊಣೆಯನ್ನು ಧರ್ಮಸಭೆ ಬೋಧಿಸುವುದು ಆ ಆಜ್ಞೆಯ ಕೆಳಗೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು.

ಅಂದಿನಿಂದ ನನಗೆ ಅನ್ನಿಸುವುದು ಇದು. ಸೂಜಿಯ ಪ್ರಶ್ನೆಗೆ ಮೊದಲನೆಯ ಆಜ್ಞೆಯಲ್ಲಿ ಸ್ವಲ್ಪವೇ ಜಾಗ. ಹೆಚ್ಚಿನ ಜಾಗ ಐದನೆಯದರಲ್ಲಿ ಮತ್ತು ಸುಳ್ಳುಸಾಕ್ಷಿ ಹೇಳಬೇಡ ಎನ್ನುವ ಎಂಟನೆಯದರಲ್ಲಿ. ಚೀನಾದ ದೇವತೆ ನಮ್ಮ ಮನೆಗೆ ನುಗ್ಗುತ್ತಾನೆಂದು ಹೆದರುವ ನಾವು, ಇನ್ಸುಲಿನ್ ಬಿಟ್ಟುಬಿಡಿ ಎನ್ನುವವನಿಗೆ ಹೆದರುವುದಿಲ್ಲ. ಯಾವುದು ಹೆಚ್ಚು ಅಪಾಯ?

ಆದ್ದರಿಂದ ಹೋಗುವವರಿಗೆ ನೇರವಾಗಿ ಹೇಳುತ್ತೇನೆ. ನೋವಿಗೆ ಕಾರಣ ಏನೆಂದು ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ರಾತ್ರಿ ಹೆಚ್ಚಾಗುವ ಬೆನ್ನುನೋವು, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ಜ್ವರ, ಮರಗಟ್ಟುವ ಕಾಲು, ಮೂತ್ರದ ಹಿಡಿತ ತಪ್ಪುವುದು, ಇವು ಕಂಡರೆ ಸೂಜಿಯ ದಾರಿ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯಿರಿ. ನಮ್ಮ ಪೇಟೆಯಲ್ಲೇ ಸರಕಾರಿ ಸಮುದಾಯ ಆರೋಗ್ಯ ಕೇಂದ್ರವಿದೆ. ಬಿಪಿಗೆ, ಸಕ್ಕರೆ ಕಾಯಿಲೆಗೆ, ಅಪಸ್ಮಾರಕ್ಕೆ ತೆಗೆದುಕೊಳ್ಳುವ ಮಾತ್ರೆಯನ್ನು ಸೂಜಿಯ ಮಾತು ಕೇಳಿ ನಿಲ್ಲಿಸಬೇಡಿ. ಪ್ರತಿಸಲ ಹೊಸ ಸೂಜಿಯ ಪೊಟ್ಟಣ ಬಿಚ್ಚುತ್ತಾರೆಯೇ ನೋಡಿ. ಏನು ಓದಿದ್ದೀರಿ ಎಂದು ಕೇಳಲು ನಾಚಿಕೆ ಬೇಡ. 2019ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿ ಆದೇಶ ಹೊರಡಿಸಿದೆ. ಸರಕಾರ ಗುರುತಿಸಿದ್ದು ಪದ್ಧತಿಯನ್ನು. ಫಲಕ ತೂಗುಹಾಕಿದ ಪ್ರತಿಯೊಬ್ಬನನ್ನೂ ಅಲ್ಲ.

ಎಂಟನೆಯ ಆಜ್ಞೆಯ ಮಾತು ಹೇಳಿದೆನಲ್ಲ. 1971ರ ಜುಲೈಯಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋದಾಗ ಅಪೆಂಡಿಸೈಟಿಸ್ ಆಗಿ ಬೀಜಿಂಗಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಂತರದ ಹೊಟ್ಟೆಯ ಬಾಧೆಗೆ ಸೂಜಿ ಹಾಕಿದ್ದನ್ನು ಅವರು ಪತ್ರಿಕೆಯಲ್ಲಿ ಬರೆದರು. ಪಶ್ಚಿಮ ದೇಶಗಳಲ್ಲಿ ಅಕ್ಯುಪಂಕ್ಚರಿಗೆ ಹೆಸರು ಬಂದದ್ದು ಅಲ್ಲಿಂದ. ಇಂದಿಗೂ ಶಿಬಿರಗಳಲ್ಲಿ, ಬರೀ ಸೂಜಿಯಿಂದ ಮರಗಟ್ಟಿಸಿ ಅವರ ಹೊಟ್ಟೆ ಕೊಯ್ದರು ಎಂದು ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ, ಕೊಯ್ಯುವಾಗ ಕೊಟ್ಟದ್ದು ಎಲ್ಲ ಕಡೆಯಂತೆ ಅರಿವಳಿಕೆಯ ಚುಚ್ಚುಮದ್ದು. ರೆಸ್ಟನ್ ಸುಳ್ಳು ಬರೆಯಲಿಲ್ಲ, ಬಾಯಿಂದ ಬಾಯಿಗೆ ಹೋಗುತ್ತಾ ಅದು ಬೆಳೆಯಿತು. ನಾವು ಕಥೋಲಿಕರು ಇದನ್ನು ನೋಡಿ ನಗುವ ಮೊದಲು, ನಮ್ಮ ವಾಟ್ಸಾಪಿನಲ್ಲಿ ಓಡಾಡುವ ಪವಾಡಗಳನ್ನು ನೆನಪಿಸಿಕೊಳ್ಳೋಣ. ಲೂರ್ದಿನಲ್ಲಿ 1883ರಿಂದ ವೈದ್ಯಕೀಯ ಪರಿಶೀಲನಾ ಕಚೇರಿಯಿದೆ. ಸಾವಿರಾರು ಮಂದಿ ಗುಣವಾಯಿತೆಂದು ಹೇಳಿಕೊಂಡರೂ, ಪವಾಡವೆಂದು ಧರ್ಮಸಭೆ ಒಪ್ಪಿದ್ದು ಇಂದಿಗೂ ಎಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ದೇವಮಾತೆಯ ಹೆಸರಿನಲ್ಲಿ ಆದ ಗುಣವನ್ನೇ ಇಷ್ಟು ಶೋಧಿಸುವ ಧರ್ಮಸಭೆಯ ಮಕ್ಕಳು, ನೂರು ರೋಗಕ್ಕೆ ಒಂದೇ ಸೂಜಿ ಎನ್ನುವ ಕರಪತ್ರವನ್ನು ಶೋಧಿಸದೆ ನಂಬಬಾರದು.

ಸತ್ಯವನ್ನು ಶೋಧಿಸುವುದು ಅಂದರೆ ಹಳೆಯದನ್ನು ಎಸೆಯುವುದಲ್ಲ. ಚೀನಾದ ತೂ ಯೂಯೂ ಎಂಬ ಮಹಿಳೆ ಮಲೇರಿಯಾಕ್ಕೆ ಮದ್ದು ಹುಡುಕುತ್ತಾ ಹಳೆಯ ವೈದ್ಯಗ್ರಂಥಗಳನ್ನು ತಿರುವಿಹಾಕಿದರು. ನಾಲ್ಕನೆಯ ಶತಮಾನದ ಗೆ ಹೊಂಗ್ ಎಂಬವರ ಪುಸ್ತಕದಲ್ಲಿ, ಮಾಚಿಪತ್ರೆಯ ಜಾತಿಗೇ ಸೇರಿದ ಒಂದು ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿತ್ತು, ಕುದಿಸಬೇಕೆಂದಿರಲಿಲ್ಲ. ಆ ಒಂದು ಸುಳಿವಿನಿಂದ ಕಡಿಮೆ ಶಾಖದಲ್ಲಿ ಸಾರ ತೆಗೆದು, 1970ರ ದಶಕದ ಆರಂಭದಲ್ಲಿ ಆರ್ಟಿಮಿಸಿನಿನ್ ಕಂಡುಹಿಡಿದರು. ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು. 2015ರಲ್ಲಿ ನೊಬೆಲ್ ಬಂತು. ಮಲೇರಿಯಾದ ಪರಿಚಯ ಮಂಗಳೂರಿನವರಿಗೆ ಬೇರೆ ಹೇಳಬೇಕೇ? ಅದರ ಅಪಾಯಕಾರಿ ಬಗೆಗೆ ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಮದ್ದು ಈ ಗಿಡದ ಸಂತಾನವೇ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಲು ಹೇಳುವಾಗ, ಮದ್ದನ್ನು ನೆಲದಿಂದ ಹುಟ್ಟಿಸಿದವನು ದೇವರೇ ಎನ್ನುತ್ತದೆ. ಯಾವ ದೇಶದ ನೆಲ ಎಂದು ಅಲ್ಲಿ ಬರೆದಿಲ್ಲ.

ಹಣದ ಮಾತೂ ಇದೆ. ಸಂತ ಮಾರ್ಕರು ಬರೆದ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಬಗ್ಗೆ, ಅನೇಕ ವೈದ್ಯರ ಕೈಯಲ್ಲಿ ಕಷ್ಟಪಟ್ಟು ಇದ್ದದ್ದನ್ನೆಲ್ಲ ಕಳೆದುಕೊಂಡಿದ್ದಳೆಂಬ ವಿವರ ಬರುತ್ತದೆ. ಸುವಾರ್ತಾಕಾರರಿಗೂ ಖರ್ಚಿನ ಲೆಕ್ಕ ಮುಖ್ಯವೆನಿಸಿತ್ತು. ನಮ್ಮ ಆ ತಾಯಿ ಒಂದು ಸಲದ ಸೂಜಿಗೆ ಕೊಡುತ್ತಿದ್ದದ್ದು ಒಂದು ದಿನದ ಬೀಡಿಯ ಮಜೂರಿಗಿಂತ ಹೆಚ್ಚು. ನೋವು ಇಳಿಯುವುದಾದರೆ ಕೊಡಲಿ. ಆದರೆ ಇಪ್ಪತ್ತು ಸಲ, ನಲವತ್ತು ಸಲ ಎಂದು ಎಳೆಯುತ್ತಾ ಹೋಗುವಾಗ ಎಲ್ಲಿ ನಿಲ್ಲಿಸಬೇಕೆಂದು ಮಗ ಕೇಳಬೇಕು.

ಅಂದು ಸಂತ ಅಂತೋನಿಯವರ ಪ್ರತಿಮೆಯ ಮುಂದೆ ಈ ಎಲ್ಲವನ್ನೂ ನಾನು ಹೇಳಲಿಲ್ಲ. "ಮಾಂಯ್, ಸೂಜಿ ಹಾಕಿಸಿಕೊಂಡದ್ದು ಪಾಪವಲ್ಲ. ಮುಂದಿನ ಆದಿತ್ಯವಾರ ಪರಮಪ್ರಸಾದಕ್ಕೆ ಬನ್ನಿ" ಎಂದೆ. ನಂತರ ಈ ಸಲ ಮರೆಯದೆ ಕೇಳಿದೆ: ಡಾಕ್ಟರಿಗೆ ತೋರಿಸಿದ್ದೀರಾ? ಇಲ್ಲವಂತೆ. ಮಗನಿಗೆ ಫೋನ್ ಮಾಡಿದೆ. ಆರೋಗ್ಯ ಕೇಂದ್ರದಲ್ಲಿ ನೋಡಿದಾಗ ಮೊಣಕಾಲಿನ ಸವೆತದ ಜೊತೆಗೆ ಸಕ್ಕರೆಯೂ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಈಗ ಮಾತ್ರೆಯೂ ಇದೆ, ತಿಂಗಳಿಗೊಮ್ಮೆ ಸೂಜಿಯೂ ಇದೆ. ಎಂಟನೆಯ ಆದಿತ್ಯವಾರ ಅವರು ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಧಾನವಾಗಿ ನಡೆದು ಬಂದರು.

ಮೊನ್ನೆ ಮತ್ತೆ ಸಿಕ್ಕಿದರು. ಮೊಮ್ಮಗುವಿಗೆ ಮೂರು ದಿನದಿಂದ ಜ್ವರ, ನಡುಕ ಬಿಟ್ಟುಬಿಟ್ಟು ಬರುತ್ತಿದೆಯಂತೆ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದಾರಂತೆ. ನಮ್ಮ ಎಷ್ಟು ಕಥೋಲಿಕ ಮನೆಗಳಲ್ಲಿ ಇದು ಇಲ್ಲ! ಅವರು ಧ್ವನಿ ತಗ್ಗಿಸಿ ಕೇಳಿದರು: "ಸೂಜಿ ಪಾಪವಲ್ಲ ಎಂದಿರಿ. ದೃಷ್ಟಿ ತೆಗೆಯುವುದು ಪಾಪವಾ ಫಾದರ್?"

"ಅದನ್ನು ಆಮೇಲೆ ಮಾತಾಡುವ" ಎಂದೆ. "ಮಗುವಿನ ರಕ್ತ ಪರೀಕ್ಷೆ ಮಾಡಿಸಿದ್ದೀರಾ?"